ಕೆಸುವಿನ ಗುಂಡಿಗೆ ನಾನು ಕಟ್ಟಿಸಿದ ಬೆಲೆ

ನಾರ್ತ್ ಸಿಡ್ನಿಯ ಆ ಆಫೀಸಿನಲ್ಲಿ ನಾನು ಎರಡು ತಪ್ಪು ಮಾಡಿದೆ. ಚಿಕ್ಕದಕ್ಕೆ ಮೆಮೋ ಕೊಟ್ಟರು. ದೊಡ್ಡದಕ್ಕೆ ಥ್ಯಾಂಕ್ಸ್ ಹೇಳಿದರು. ನಡೆದದ್ದು ಇಷ್ಟೇ.

ಉಳಿದದ್ದನ್ನು ಬರೆಯುತ್ತಿರುವುದು ಓದಲೆಂದು ಇಲ್ಲಿಗೆ ಬಂದು ಕ್ಲೀನಿಂಗ್ ಕೆಲಸಕ್ಕೆ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗಾಗಿ. ಈಗ ನಾನಿರುವ ಮೆಲ್ಬರ್ನಿನ ಕ್ರೇಗಿಬರ್ನಿನಲ್ಲಿ ಪಕ್ಕದ ಮನೆಯಲ್ಲೇ ಅಂಥವರು ಮೂವರಿದ್ದಾರೆ. ಕಸ ತೆಗೆಯುವುದರಲ್ಲಿ ಕಲಿಯುವುದೇನಿದೆ ಆಂಟಿ ಎಂದು ನಗುತ್ತಾರೆ. ಕಸ ಯಾವುದು, ಕಸ ಅಲ್ಲದ್ದು ಯಾವುದು ಎಂದು ತಿಳಿಯುವುದೇ ಕಲಿಕೆ. ಅಷ್ಟು ವರ್ಷ ದುಡಿದೂ ನಾನು ಅದನ್ನು ಪೂರ್ತಿ ಕಲಿಯಲಿಲ್ಲ.

ನಾನು ಓದಿದ್ದು ನಾಲ್ಕನೆಯ ಕ್ಲಾಸು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ. ಬಿಸಿನೀರಿಗೆ ಕೈ ಹಾಕಿ ಗೂಡಿನಿಂದ ಎಳೆ ಹಿಡಿಯುವುದು. ಮಗಳು ನರ್ಸಾಗಿ ಸಿಡ್ನಿಗೆ ಬಂದಳು. ಮೊಮ್ಮಗಳು ಹುಟ್ಟಿದಾಗ ನನ್ನನ್ನು ಕರೆಸಿಕೊಂಡಳು, ಆಮೇಲೆ ಇಲ್ಲೇ ಕಾಯಂ ಇರಲು ಪಿಆರ್ ಮಾಡಿಸಿದಳು. ಮಗು ಚೈಲ್ಡ್‌ಕೇರ್‌ಗೆ ಹೋಗತೊಡಗಿದ ಮೇಲೆ ಗೋಡೆ ನೋಡುತ್ತಾ ಕೂರುವುದು ನನ್ನಿಂದ ಆಗಲಿಲ್ಲ. ಆಫೀಸು ಒರೆಸುವ ಕೆಲಸಕ್ಕೆ ಹೋಗುತ್ತೇನೆ ಎಂದೆ.

"ಅಮ್ಮ, ಇಲ್ಲಿ ನಮ್ಮ ಜನ ಏನಂತಾರೆ?"

"ಕ್ಲೀನಾಗಿದೆ ಅಂತಾರೆ" ಎಂದೆ. ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಸೂಪರ್‌ವೈಸರ್ ಕಾನ್ ಎಂಬ ಗ್ರೀಕ್ ಮುದುಕ. ಮೊದಲ ದಿನ ನಾಲ್ಕು ಬಣ್ಣದ ಬಟ್ಟೆ ಕೊಟ್ಟ. ಕೆಂಪು ಟಾಯ್ಲೆಟ್ಟಿಗೆ, ಹಸಿರು ಅಡುಗೆಮನೆಗೆ, ನೀಲಿ ಮೇಜಿಗೆ, ಹಳದಿ ಬೇಸಿನ್ನಿಗೆ. ಎರಡನೆಯ ವಾರ ನಾನು ಒಗೆದು ಒಣಗಿಸಿದ ಕೆಂಪು ಬಟ್ಟೆಯಲ್ಲಿ ಕಾಫಿ ಕಪ್ಪು ಒರೆಸಿದೆ. ನನ್ನ ಕಣ್ಣಿಗೆ ಅದು ಶುದ್ಧವಾಗಿತ್ತು. ಕಾನ್ ಬಂದವನು ಆ ಕಪಾಟಿನ ಕಪ್ಪುಗಳನ್ನೆಲ್ಲ ಒಂದೊಂದಾಗಿ ಕಸದ ಚೀಲಕ್ಕೆ ಹಾಕಿ, ಚೀಲವನ್ನು ನನ್ನ ಕೈಗೆ ಕೊಟ್ಟು ಹೋದ. ಬೈದಿದ್ದರೆ ಮರೆಯುತ್ತಿದ್ದೆ. ಆ ಎರಡು ತಪ್ಪಿನಲ್ಲಿ ಇದು ಸೇರಿಲ್ಲ.

ನಮ್ಮ ಪಾಳಿ ಬೆಳಿಗ್ಗೆ ಆರರಿಂದ ಎರಡರವರೆಗೆ. ಹನ್ನೆರಡನೆಯ ಮಹಡಿ ನನ್ನದು. ಹದಿಮೂರನೆಯದು ಲೋಸಾಳದು. ಅವಳು ದ್ವೀಪದವಳು. ಭೂಪಟದಲ್ಲಿ ನನ್ನ ಮೊಮ್ಮಗಳು ಹುಡುಕಿ ತೋರಿಸಿದಾಗಲೂ ನನಗೆ ಕಂಡದ್ದು ಪೆನ್ನಿನ ಚುಕ್ಕೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಎರಡರಷ್ಟು ದಪ್ಪ, ಬೆನ್ನಿಗೆ ಕಟ್ಟುವ ವ್ಯಾಕ್ಯೂಮನ್ನು ಕೂಸು ಹೊತ್ತಂತೆ ಹೊತ್ತು ಹಾಡಿಕೊಳ್ಳುತ್ತಾ ಕೆಲಸ ಮಾಡುವವಳು. ನನ್ನನ್ನು ಸಿಸ್ಟರ್ ಎನ್ನುತ್ತಿದ್ದಳು. ಇಬ್ಬರದೂ ಮುರುಕು ಇಂಗ್ಲಿಷ್, ಆದ್ದರಿಂದ ಒಬ್ಬರದು ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಇಲ್ಲಿ ಅವಳ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ನನ್ನ ಮಹಡಿಯವರು ಸಲಹೆ ಕೊಡುವ ಕಂಪನಿಯವರು. ಏನು ಸಲಹೆ, ಯಾರಿಗೆ ಎಂದು ವರ್ಷಗಟ್ಟಲೆ ನನಗೆ ಗೊತ್ತಾಗಲಿಲ್ಲ. ಅವರ ಕಸದ ಬುಟ್ಟಿ ನೋಡಿ ಯಾರು ಡಯಟ್ ಮಾಡುತ್ತಿದ್ದಾರೆ, ಯಾರು ಡಯಟ್ ಮಾಡುವಂತೆ ನಟಿಸುತ್ತಿದ್ದಾರೆ ಎಂಬುದು ಮಾತ್ರ ಗೊತ್ತಿತ್ತು. ಒಂದು ದಿನ ಆ ಬುಟ್ಟಿಗಳನ್ನೂ ತೆಗೆಸಿದರು. ಪರಿಸರಕ್ಕೆ ಒಳ್ಳೆಯದಂತೆ. ಮೇಜಿನ ಕೆಳಗೆ ಬುಟ್ಟಿ ಬೇಡ, ಎಲ್ಲರೂ ಎದ್ದು ಹೋಗಿ ಮಧ್ಯದ ದೊಡ್ಡ ಡಬ್ಬಿಗೆ ಹಾಕಬೇಕು. ಎದ್ದು ಹೋಗುವವರು ಯಾರು? ಬಾಳೆಹಣ್ಣಿನ ಸಿಪ್ಪೆ ಡ್ರಾಯರಿನಲ್ಲಿ ಸಿಗತೊಡಗಿತು.

ವಿನಯ ಎಂಬ ಮೈಸೂರಿನ ಹುಡುಗ ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ವಿಷಯ ತಿಳಿಯಿತು. ಕೆಟ್ಟುಹೋದ ವ್ಯಾಕ್ಯೂಮಿಗೆ ನಾನು ಬೈಯುತ್ತಿದ್ದುದನ್ನು ಕೇಳಿ, ಕಂಪ್ಯೂಟರ್ ಬಿಟ್ಟು ಎದ್ದು ಬಂದು, "ಆಂಟಿ, ನೀವು ನಮ್ಮ ಕಡೆಯವರಾ?" ಎಂದ. ಅಂದಿನಿಂದ ಸಿಕ್ಕಾಗಲೆಲ್ಲ ಎರಡು ಮಾತು. ನೀವು ಇಲ್ಲಿ ಮಾಡುವುದಾದರೂ ಏನಪ್ಪ ಎಂದು ಅವನನ್ನೇ ಕೇಳಿದೆ.

ಅವನು ಹೇಳಿದ್ದು ಹೀಗೆ. ಈ ದೇಶದಂಥ ದೇಶಗಳಲ್ಲಿ ಸುಡುವ ಕಲ್ಲಿದ್ದಲು, ಪೆಟ್ರೋಲಿನ ಹೊಗೆಯಿಂದ ಭೂಮಿ ಕಾಯುತ್ತದೆ, ಸಮುದ್ರ ಏರುತ್ತದೆ. ಒಂದು ಪುಟ್ಟ ದ್ವೀಪ ದೇಶವಿದೆ. ಅಲ್ಲಿ ಹೊಗೆ ಬಿಡುವ ಕಾರ್ಖಾನೆಯಿಲ್ಲ, ಕಾರುಗಳೂ ಬೆರಳೆಣಿಕೆಯಷ್ಟು. ಆದರೆ ಮೊದಲು ಮುಳುಗುವುದು ಅದೇ. ಹಾಗಾಗಿ ಅದಕ್ಕೆ ಆಗುವ ನಷ್ಟ ಎಷ್ಟು ಎಂದು ಇವರು ಲೆಕ್ಕ ಹಾಕುತ್ತಿದ್ದಾರೆ. ಹಣ ಕೊಡುವವರು ಬೇರೆ ದೇಶದವರು. ನಷ್ಟ ಹೆಚ್ಚಿರುವ ಕಡೆ ಸಮುದ್ರಕ್ಕೆ ಗೋಡೆ ಕಟ್ಟಿಸುತ್ತಾರೆ. ಗೋಡೆಯ ಖರ್ಚಿಗಿಂತ ನಷ್ಟ ಕಡಿಮೆ ಇರುವ ಕಡೆ ಕಟ್ಟಿಸುವುದಿಲ್ಲ.

ಇಷ್ಟನ್ನೂ ಅವನು ಸ್ವೆಟರ್ ಹಾಕಿಕೊಂಡು ಹೇಳಿದ. ಹೊರಗೆ ಮೈ ಸುಡುವ ಬೇಸಿಗೆ. ಒಳಗೆ ಎಸಿ ಎಷ್ಟು ಜೋರೆಂದರೆ ಅರ್ಧ ಆಫೀಸಿನವರು ಕಾಲ ಬಳಿ ಕರೆಂಟಿನ ಹೀಟರ್ ಇಟ್ಟುಕೊಂಡಿದ್ದರು. ನಾನು ಅವನ ಮೇಜಿನ ಕೆಳಗೆ ನೋಡಿದೆ. ಅವನೂ ನೋಡಿದ. ಹೀಟರಿನ ಸ್ವಿಚ್ಚನ್ನು ಕಾಲಿನಿಂದಲೇ ಆರಿಸಿದ. ನಾನು ಆ ಕಡೆ ಹೋದ ಮೇಲೆ ಮತ್ತೆ ಹಾಕಿಕೊಂಡಿರಬೇಕು.

ಆ ದ್ವೀಪ ಲೋಸಾಳದೇ.

ಅವಳಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು. ಅವಳ ತಾಯಿ ಇನ್ನೂ ಅಲ್ಲೇ ಇದ್ದಳು. ಅಲ್ಲಿ ಹೊಲ ಗದ್ದೆ ಇಲ್ಲ, ಬರೀ ಮರಳು. ಮರಳನ್ನು ಆಳುದ್ದ ತೋಡಿದರೆ ತಳದಲ್ಲಿ ಸಿಹಿನೀರು ಸಿಗುತ್ತದೆ. ಆ ಗುಂಡಿಯಲ್ಲಿ ಎಲೆಗೊಬ್ಬರ ಹಾಕಿ ಕೆಸುವು ಬೆಳೆಯುತ್ತಾರೆ. ನಮ್ಮ ಕೆಸುವಿನ ಹಾಗಲ್ಲ, ಗೆಡ್ಡೆಯೇ ಮಗುವಿನಷ್ಟು ತೂಗುತ್ತದಂತೆ. ಗುಂಡಿಯನ್ನು ಮಾರುವುದಿಲ್ಲ, ಕೊಳ್ಳುವುದಿಲ್ಲ. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಈಚೆಗೆ ದೊಡ್ಡ ಅಲೆ ಬಂದಾಗ ಉಪ್ಪುನೀರು ಗುಂಡಿಗೆ ನುಗ್ಗಿ ಗೆಡ್ಡೆ ಕೊಳೆಯುತ್ತಿತ್ತು. ಹಳ್ಳಿಯ ಕಡೆಗೂ ಗೋಡೆ ಬಂದರೆ ತಾಯಿ ಉಳಿಯುತ್ತಾಳೆ, ಇಲ್ಲದಿದ್ದರೆ ಊರು ಬಿಡಬೇಕು. ಊರು ಬಿಡುವುದಕ್ಕಿಂತ ಗುಂಡಿಯಲ್ಲೇ ಮಲಗುತ್ತೇನೆ ಎಂದು ಮುದುಕಿ ಫೋನಿನಲ್ಲಿ ಹೇಳಿದ್ದಳು. ಹಾಗಾಗಿ ನನ್ನ ಮಹಡಿಯವರ ಲೆಕ್ಕದಲ್ಲಿ ಆ ಗುಂಡಿಗಳು ಸೇರುತ್ತವೋ ಇಲ್ಲವೋ ಎಂಬುದರ ಮೇಲೆ ಲೋಸಾಳ ನಿದ್ದೆ ನಿಂತಿತ್ತು.

ಈಗ ನನ್ನ ಚಿಕ್ಕ ತಪ್ಪು.

ಆಗ ಬರಗಾಲದ ವರ್ಷಗಳು. ಸಿಡ್ನಿಯಲ್ಲೂ ಮೆಲ್ಬರ್ನಿನಲ್ಲೂ ಪೈಪು ಹಿಡಿದು ತೋಟಕ್ಕೆ ನೀರು ಬಿಟ್ಟರೆ ದಂಡ. ಮೀಟಿಂಗ್ ಮುಗಿದ ಮೇಲೆ ಮೇಜಿನ ಮೇಲೆ ಅರ್ಧ ಕುಡಿದ ಬಾಟಲಿಗಳು ಸಾಲಾಗಿ ಉಳಿಯುತ್ತಿದ್ದವು. ನಮ್ಮ ನಿಯಮ ಸುಲಭ. ಮುಚ್ಚಳ ಬಿಚ್ಚದ ಬಾಟಲಿ ಫ್ರಿಜ್ಜಿಗೆ, ಬಿಚ್ಚಿದ್ದು ಕಸಕ್ಕೆ. ಬೀದಿ ನಲ್ಲಿಯಿಂದ ಕೊಡ ಹೊತ್ತು ಬೆಳೆದವಳಿಗೆ ಆ ನೀರನ್ನು ಸಿಂಕಿಗೆ ಸುರಿಯಲು ಕೈ ಬರುತ್ತಿರಲಿಲ್ಲ. ಬಕೆಟ್ಟಿಗೆ ಸುರಿದುಕೊಂಡು ಹೂಕುಂಡಗಳಿಗೆ ಹಾಕುತ್ತಿದ್ದೆ. ಅದು ತಪ್ಪು. ಆ ಗಿಡಗಳು ಆಫೀಸಿನವಲ್ಲ, ಬಾಡಿಗೆಗೆ ತಂದಿಟ್ಟವು. ಗಿಡದ ಕಂಪನಿಯ ಹೆಂಗಸು ಹದಿನೈದು ದಿನಕ್ಕೊಮ್ಮೆ ಬಂದು ಮಣ್ಣಿಗೆ ಕಡ್ಡಿ ಚುಚ್ಚಿ ಅಳೆದು ನೀರು ಹಾಕುತ್ತಿದ್ದಳು. ಕ್ಲೀನರುಗಳು ಮುಟ್ಟುವಂತಿಲ್ಲ. ಗಿಡ ಸೊಂಪಾಗಿ ಬೆಳೆದಾಗ ಅವಳು ತನ್ನನ್ನೇ ಮೆಚ್ಚಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ.

ಒಂದು ದಿನ ದೊಡ್ಡ ಮೀಟಿಂಗ್. ದ್ವೀಪದ ಸರ್ಕಾರದಿಂದ ಒಬ್ಬ ಹಿರಿಯರು ಬಂದಿದ್ದರು. ಹೂಗಳ ಅಂಗಿ, ಕಾಲಿಗೆ ಚಪ್ಪಲಿ. ಊಟದ ಹೊತ್ತಿಗೆ ಎಲ್ಲರೂ ಕೆಳಗಿನ ರೆಸ್ಟೋರೆಂಟಿಗೆ ಹೋದರು. ಇನ್ನೊಂದು ಮೀಟಿಂಗಿಗೆ ಕೋಣೆ ಸಿದ್ಧಮಾಡಲು ನನಗೆ ಕಾಲು ಗಂಟೆ. ಮೇಜಿನ ಮೇಲೆ ಲೇಬಲ್ ಇಲ್ಲದ ಎರಡು ದೊಡ್ಡ ಬಾಟಲಿ, ಮುಚ್ಚಳ ತೆರೆದು ಪಕ್ಕದಲ್ಲಿಟ್ಟಿತ್ತು. ನೀರು ಕೊಂಚ ಕದಡಿದಂತಿತ್ತು. ಯಾರೋ ನಿಂಬೆರಸ ಬೆರೆಸಿದ್ದಾರೆ ಎಂದುಕೊಂಡೆ. ಎರಡನ್ನೂ ಮೂಲೆಯ ದೊಡ್ಡ ಕುಂಡಕ್ಕೆ ಸುರಿದೆ. ಬಿಳಿ ಹೂ ಬಿಡುವ ಗಿಡ ಅದು. ಎಲೆ ನೋಡಿದರೆ ಕೆಸುವಿನ ದಾಯಾದಿ ಎನ್ನಬಹುದು.

ಪಾಳಿ ಮುಗಿಸಿ ಏಪ್ರನ್ ಬಿಚ್ಚುವಾಗ ಲೋಸಾ ಮೆಟ್ಟಿಲಿಳಿದು ಓಡಿ ಬಂದಳು. ಹಿಂದೆ ವಿನಯ. ಆ ಹಿರಿಯರು ಲೋಸಾಳ ತಾಯಿಯ ಗುಂಡಿಯಿಂದ ಎರಡು ಬಾಟಲಿ ನೀರು ತಂದಿದ್ದರಂತೆ. ಮೂಸಿ ನೋಡಿ, ರುಚಿ ನೋಡಿ ಎಂದು ಎಲ್ಲರ ಮುಂದೆ ಇಟ್ಟರಂತೆ. ಯಾರೂ ಮುಟ್ಟಲಿಲ್ಲ. ಊಟವಾದ ಮೇಲೆ ವಿನಯ ಅದನ್ನು ಲ್ಯಾಬಿಗೆ ಕೊಡಬೇಕಿತ್ತು. ಉಪ್ಪು ಎಷ್ಟಿದೆ ಎಂಬ ಲ್ಯಾಬಿನ ಕಾಗದ ಇದ್ದರೆ ಗುಂಡಿ ಹಾಳಾಗಿದೆ ಎಂಬುದಕ್ಕೆ ಪುರಾವೆ. ಈಗ ಬಾಟಲಿಯೇ ಇಲ್ಲ. ಕಸದಲ್ಲಿ ಹುಡುಕೋಣ ಬಾ ಸಿಸ್ಟರ್ ಎಂದಳು.

ನನಗೆ ಆಗಲೇ ತಿಳಿಯಿತು. ಆದರೂ ಅವಳ ಜೊತೆ ಕೆಳಗಿನ ಕಸದ ಕೋಣೆಗೆ ಹೋಗಿ ಚೀಲಗಳನ್ನು ಬಿಚ್ಚಿದೆ. ಬಾಟಲಿಗಳನ್ನು ಎತ್ತಿಕೊಂಡವಳು ಅವಳೇ. ಎರಡೂ ಖಾಲಿ. ಬೆಳಕಿಗೆ ಹಿಡಿದು ತಳ ನೋಡಿದಳು.

"ನಾನೇ ಸುರಿದದ್ದು. ಹೂಕುಂಡಕ್ಕೆ" ಎಂದೆ.

ಅವಳು ಬಾಟಲಿಗಳನ್ನು ಮತ್ತೆ ಚೀಲಕ್ಕೆ ಹಾಕಿ ಗಂಟು ಕಟ್ಟಿದಳು.

"ಹೋಗಲಿ ಬಿಡು ಸಿಸ್ಟರ್. ಆ ನೀರಿಗೆ ನಮ್ಮಲ್ಲಿ ಕೊರತೆಯಿಲ್ಲ" ಎಂದಳು.

ಕೊರತೆಯಿರಲಿಲ್ಲ, ತರುವವರಿರಲಿಲ್ಲ. ಅಲ್ಲಿಗೆ ವಿಮಾನ ಅಪರೂಪ. ವರದಿ ಮುಗಿಸುವ ಗಡುವು ಹತ್ತಿರವಿತ್ತು.

ಒಂದು ವಾರದಲ್ಲಿ ಗಿಡ ತಲೆ ಬಗ್ಗಿಸಿತು. ಎಲೆಯ ಅಂಚು ಕಂದಾಯಿತು, ಆಮೇಲೆ ಎಲೆಯೇ ಕಂದಾಯಿತು. ಗಿಡದ ಹೆಂಗಸು ಬಂದು ಕಡ್ಡಿ ಚುಚ್ಚಿ, ಮಣ್ಣು ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟು ನೋಡಿ, ಯಾರೋ ಉಪ್ಪು ಸುರಿದಿದ್ದಾರೆ ಎಂದು ಕೂಗಾಡಿದಳು. ಆ ಆಫೀಸಿನಲ್ಲಿ ಆ ನೀರಿನ ರುಚಿ ನೋಡಿದ್ದು ಅವಳೊಬ್ಬಳೇ. ಹೊಸ ಗಿಡಕ್ಕೆ ಬಿಲ್ಲು ಬಂತು. ಕಾನ್ ಕೇಳಿದ. ಸುರಿದದ್ದು ನಾನೇ ಎಂದೆ. ಮೆಮೋದಲ್ಲಿ, ಸಸ್ಯಗಳನ್ನು ಮುಟ್ಟತಕ್ಕದ್ದಲ್ಲ, ಇನ್ನೊಮ್ಮೆ ಮುಟ್ಟಿದರೆ ಕೆಲಸವಿಲ್ಲ ಎಂದಿತ್ತು. ಕೊಡುವಾಗ ಕಾನ್, ತನ್ನ ಹೆಂಡತಿಯೂ ಪಾತ್ರೆ ತೊಳೆದ ನೀರನ್ನೇ ಟೊಮ್ಯಾಟೊ ಗಿಡಕ್ಕೆ ಹಾಕುತ್ತಾಳೆ ಎಂದು ಗೊಣಗಿ ಹೋದ. ಚಿಕ್ಕ ತಪ್ಪು ಅಲ್ಲಿಗೆ ಮುಗಿಯಿತು.

ದೊಡ್ಡದು ಶುರುವಾದದ್ದು ನನ್ನ ಬುದ್ಧಿವಂತಿಕೆಯಿಂದ.

ಆ ಬಿಲ್ಲಿನ ವಿಷಯ ನನ್ನ ತಲೆಯಲ್ಲೇ ಉಳಿಯಿತು. ಮಾರನೆಯ ದಿನ ವಿನಯನ ಮೇಜು ಒರೆಸುತ್ತಾ ಕೇಳಿದೆ.

"ಗುಂಡಿ ಲೆಕ್ಕಕ್ಕೆ ಬಂತೇನಪ್ಪ?"

"ಇಲ್ಲ ಆಂಟಿ. ಏರ್‌ಸ್ಟ್ರಿಪ್ ಬಂತು, ಹಡಗು ನಿಲ್ಲೋ ಜೆಟ್ಟಿ ಬಂತು, ಗವರ್ನಮೆಂಟ್ ಬಿಲ್ಡಿಂಗ್ ಬಂತು. ಗುಂಡಿ ಮುಂದೆ ಬ್ಲ್ಯಾಂಕ್ ಬಿಟ್ಟಿದೀನಿ."

"ಯಾಕೆ?"

"ಅದಕ್ಕೆ ಮಾರ್ಕೆಟ್ ಪ್ರೈಸ್ ಇಲ್ವಲ್ಲ. ಯಾರೂ ಮಾರಲ್ಲ, ಯಾರೂ ಕೊಳ್ಳಲ್ಲ. ಏನಂತ ಹಾಕ್ಲಿ?"

"ಆ ಮೂಲೆ ಗಿಡ ಯಾರೂ ತಿನ್ನಲ್ಲ. ಅದು ಸತ್ತಿದ್ದಕ್ಕೆ ಬಿಲ್ ಬಂತು. ನಾಲ್ಕು ತಲೆಮಾರು ತಿಂದ ಗಿಡ ಸತ್ತರೆ ಬ್ಲ್ಯಾಂಕಾ?"

ಅವನು ನಕ್ಕ. ಅದು ರೆಂಟ್ ಗಿಡ ಆಂಟಿ ಎಂದ. ನಾನು ಬಿಡಲಿಲ್ಲ. ಗೆಡ್ಡೆ ಕೊಳೆತ ವರ್ಷ ಅಲ್ಲಿಯ ಜನ ಏನು ತಿನ್ನುತ್ತಾರೆ ಎಂದು ನನಗೆ ಲೋಸಾ ಹೇಳಿದ್ದಳು. ಹಡಗಿನಲ್ಲಿ ಬರುವ ಅಕ್ಕಿ.

"ಗೆಡ್ಡೆ ಬದಲು ಅಕ್ಕಿ ತಿಂತಾರೆ. ಅಕ್ಕಿಗೆ ಬೆಲೆ ಇದೆಯೋ ಇಲ್ಲವೋ? ಹಡಗಿಗೆ ಇದೆಯೋ ಇಲ್ಲವೋ? ಅದನ್ನ ಬರಿ. ಖಾಲಿ ಬಿಡಬೇಡ" ಎಂದೆ.

ಅವನು ಪೆನ್ನು ತೆಗೆದು ಅದನ್ನು ಬರೆದುಕೊಂಡ. ಹೀಗೆ ಬದಲಿ ವಸ್ತುವಿನ ಖರ್ಚಿನಿಂದ ಬೆಲೆ ಕಟ್ಟುವ ದಾರಿ ಪುಸ್ತಕದಲ್ಲೂ ಇದೆ, ತನಗೆ ಹೊಳೆದಿರಲಿಲ್ಲ ಎಂದ. ಅದಕ್ಕೆ ಲ್ಯಾಬಿನ ಕಾಗದವೂ ಅಷ್ಟಾಗಿ ಬೇಕಿಲ್ಲವಂತೆ, ಗೆಡ್ಡೆ ಹೋಯಿತು ಎಂದು ಊರಿನವರು ಸಹಿ ಹಾಕಿದರೆ ಸಾಕು. ಎರಡು ದಿನ ಬಿಟ್ಟು ಅವನ ಮೇಲಿನವರು, ಮೆಲ್ಬರ್ನಿನಿಂದ ಬಂದಿದ್ದ ಹೆಂಗಸು, ಅಡುಗೆಮನೆಯಲ್ಲಿ ನನ್ನ ಹತ್ತಿರ ಬಂದು ಕೈ ಕುಲುಕಿ ಥ್ಯಾಂಕ್ಸ್ ಹೇಳಿದರು. ಆ ಖಾಲಿ ಜಾಗ ಅವರಿಗೆ ಬಹಳ ದಿನದಿಂದ ತಲೆನೋವಾಗಿತ್ತಂತೆ.

ನಾನು ಹದಿಮೂರನೆಯ ಮಹಡಿಗೆ ಹತ್ತಿ ಹೋಗಿ ಲೋಸಾಳಿಗೆ ಹೇಳಿದೆ. ನಿಮ್ಮಮ್ಮನ ಗುಂಡಿ ಲೆಕ್ಕಕ್ಕೆ ಬಂತು ಎಂದೆ. ಅವಳು ವ್ಯಾಕ್ಯೂಮ್ ಹೊತ್ತುಕೊಂಡೇ ನನ್ನನ್ನು ತಬ್ಬಿಕೊಂಡಳು. ಒಂದು ವಾರ ನಾನು ದೊಡ್ಡ ಮನುಷ್ಯಳಂತೆ ಓಡಾಡಿದೆ.

ವರದಿ ಓದಿ ಹೇಳುವ ದಿನ ಆ ಹಿರಿಯರು ಮತ್ತೆ ಬಂದರು. ಅದೇ ಹೂಗಳ ಅಂಗಿ. ಕಾಫಿ ಇಡುವ ನೆಪದಲ್ಲಿ ನಾನು ಬಾಗಿಲ ಹತ್ತಿರ ನಿಂತೆ. ತನ್ನ ಮಹಡಿ ಬಿಟ್ಟು ಲೋಸಾ ಬಂದು ನನ್ನ ಹಿಂದೆ ನಿಂತಳು. ಗೋಡೆಯ ಮೇಲೆ ಬಣ್ಣದ ಕಂಬಗಳ ಚಿತ್ರ ಬಿತ್ತು. ಏರ್‌ಸ್ಟ್ರಿಪ್ಪಿನ ಕಂಬ ಎತ್ತರ. ಜೆಟ್ಟಿಯದು ಅದಕ್ಕಿಂತ ಕೊಂಚ ಕಡಿಮೆ. ಹಳ್ಳಿಯ ಗುಂಡಿಗಳದು ಹಸಿರು ಬಣ್ಣ, ಗೆರೆಯಂತೆ ನೆಲಕ್ಕಂಟಿತ್ತು. ಪಕ್ಕದಲ್ಲಿ ಗೋಡೆಯ ಖರ್ಚಿನ ಕಂಬ, ಮೇಲಿನ ಅಂಚಿಗೆ ತಾಗುವಷ್ಟು.

ಅಕ್ಕಿ ಅಗ್ಗ. ಅಷ್ಟೇ ಕಾರಣ. ಆ ಹಳ್ಳಿಯವರಿಗೆ ವರ್ಷಗಟ್ಟಲೆ ಅಕ್ಕಿ ಕಳಿಸಿದರೂ ಗೋಡೆಯ ಒಂದು ತುಂಡಿನಷ್ಟು ಖರ್ಚಾಗುವುದಿಲ್ಲ. ಆದ್ದರಿಂದ ಹಳ್ಳಿಯ ಕಡೆ ಗೋಡೆ ಬೇಡ, ಅಕ್ಕಿ ಕೊಡಬಹುದು, ಇಲ್ಲವೇ ಜನರನ್ನು ಬೇರೆ ಕಡೆ ಕೂರಿಸಬಹುದು ಎಂದು ಮೆಲ್ಬರ್ನಿನ ಹೆಂಗಸು ಮೆತ್ತಗಿನ ದನಿಯಲ್ಲಿ ಹೇಳಿದರು. ಹಿರಿಯರು ಕೈ ಎತ್ತಿ, ಹಿಂದಿನ ಸಲ ತೋರಿಸಿದ ಕಾಗದದಲ್ಲಿ ತಮ್ಮ ಹಳ್ಳಿಯ ಮುಂದೆ ಜಾಗ ಖಾಲಿ ಇತ್ತು, ಇದರ ಬಗ್ಗೆ ಕೂತು ಮಾತಾಡಬೇಕು ಎಂದು ನೀವೇ ಹೇಳಿದ್ದಿರಿ ಎಂದರು. ಈಗ ಅಂಕಿ ಸಿಕ್ಕಿದೆಯಲ್ಲ, ಮಾತಾಡುವ ಅಗತ್ಯವಿಲ್ಲ ಎಂದರು ಈಕೆ. ವಿನಯ ತಲೆ ಎತ್ತಲಿಲ್ಲ.

ರಾಮನಗರದ ಗೂಡಿನ ಮಾರುಕಟ್ಟೆ ನೋಡಿದವಳು ನಾನು. ಬೆಲೆ ಕೂಗುವವನು ಒಬ್ಬನೇ ಇದ್ದರೆ ಎಂಥ ಗೂಡೂ ಮಣ್ಣಿನ ಬೆಲೆಗೆ ಹೋಗುತ್ತದೆ. ಅಂಥ ದಿನ ಬುದ್ಧಿ ಇರುವ ರೈತ ಗೂಡನ್ನು ಹರಾಜಿಗೇ ಇಡುವುದಿಲ್ಲ, ಹೊದಿಸಿಕೊಂಡು ಸುಮ್ಮನೆ ಕೂರುತ್ತಾನೆ. ಇಷ್ಟು ಗೊತ್ತಿದ್ದವಳು ನಾನು, ಮಾರಾಟಕ್ಕೇ ಇಲ್ಲದ ಗುಂಡಿಯನ್ನು ಹಿಡಿದು ತಂದು ಅವರ ಮುಂದೆ ಸುರಿದು, ಕೂಗಿ ಎಂದೆ. ಅವರು ಕೂಗಿದರು.

ಲೋಸಾಳಿಗೆ ಅದನ್ನು ಹೇಳಲೇಬೇಕಿತ್ತು. ಪಾಳಿ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹೇಳಿದೆ. ಅಕ್ಕಿಯ ಮಾತು ಅವರದಲ್ಲ, ನನ್ನದು ಎಂದೆ. ಈ ಸಲ ಅವಳು ತಮಾಷೆ ಮಾಡಲಿಲ್ಲ.

"ನೀನು ಒಳ್ಳೆಯದಕ್ಕೇ ಹೇಳಿದ್ದೀಯ" ಎಂದಳು.

"ಅದರಿಂದ ಏನು ಬಂತು?" ಎಂದೆ.

"ಏನೂ ಬರಲಿಲ್ಲ."

ಕ್ಷಮಿಸು ಎಂದು ಕೇಳುವುದು ನನಗೆ ಯಾವ ಭಾಷೆಯಲ್ಲೂ ಸರಿಯಾಗಿ ಬರುವುದಿಲ್ಲ. ಈಗೇನು ಮಾಡುತ್ತೀಯ ಎಂದೆ. ಊರಿಗೆ ಹೋಗಬೇಕು, ದ್ವೀಪದ ನಡುಮಧ್ಯದಲ್ಲಿ ಚಿಕ್ಕಮ್ಮನ ಜಾಗವಿದೆ, ಅಲ್ಲಿ ಅಮ್ಮನಿಗೆ ಹೊಸ ಗುಂಡಿ ತೋಡಬೇಕು ಎಂದಳು. ತೋಡಲು ಎಷ್ಟು ದಿನ ಎಂದರೆ ಮೂರು ವಾರ. ಆದರೆ ಹೋಗುವಂತಿರಲಿಲ್ಲ. ನಮ್ಮದು ಕ್ಯಾಶುವಲ್ ಕೆಲಸ, ರಜೆ ಎಂಬುದಿಲ್ಲ. ಎರಡು ಪಾಳಿ ತಪ್ಪಿದರೆ ಮೂರನೆಯದಕ್ಕೆ ಬೇರೆಯವರು ನಿಂತಿರುತ್ತಾರೆ. ತಾಯಿಯ ಹೊಟ್ಟೆಗೆ ಹೋಗುತ್ತಿದ್ದುದು ಇವಳ ಈ ಸಂಬಳವೇ.

"ನೀನು ಹೊರಡು. ಮಹಡಿ ನನಗೆ ಬಿಡು" ಎಂದೆ.

"ಕಾನ್‌ಗೆ ಗೊತ್ತಾದರೆ?"

"ಗೊತ್ತಾದಾಗ ನೋಡೋಣ."

ಅವಳು ಅಂದೇ ಟಿಕೆಟ್ ಬುಕ್ ಮಾಡಿದಳು.

ಅವಳು ಹೊರಟ ಮಾರನೆಯ ಬೆಳಿಗ್ಗೆ ಮೊದಲ ಟ್ರೈನು ಹಿಡಿದು, ಕಾನ್ ಬರುವ ಮುಂಚೆ ಆಫೀಸಿಗೆ ಹೋದೆ. ಕೆಳಗೆ ಸೆಕ್ಯುರಿಟಿಯವನ ಮೇಜಿನ ಮೇಲೆ ನಾವು ಬಂದ ಹೊತ್ತು ಬರೆದು ಸಹಿ ಮಾಡುವ ಪುಸ್ತಕ ಇರುತ್ತದೆ. ಅವನು ಟೀ ಮಾಡಿಕೊಳ್ಳುತ್ತಿದ್ದ. ಒಂದು ಸಾಲಿನಲ್ಲಿ ನನ್ನ ಸಹಿ ಹಾಕಿದೆ. ಅದರ ಕೆಳಗಿನ ಸಾಲಿನಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ ಒಂದೊಂದಾಗಿ ಜೋಡಿಸಿ ಲೋಸಾ ಎಂದು ಬರೆದೆ. ಕೊನೆಯ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ವ್ಯಾಕ್ಯೂಮನ್ನು ಬೆನ್ನಿಗೆ ಕಟ್ಟಿಕೊಂಡು ಲಿಫ್ಟಿನಲ್ಲಿ ನೇರ ಹದಿಮೂರಕ್ಕೆ ಹೋಗಿ, ಅವಳ ಮಹಡಿಯಿಂದ ಕೆಲಸ ಶುರು ಮಾಡಿದೆ.